ಮಾಯುವುದು, ಮಾಯವಾಗುವುದು

ಎಡಗೈ ಮಣಿಕಟ್ಟಿನ ಒಳಬದಿಯಲ್ಲಿ ನನಗೆ 9 ಸೆಂಟಿಮೀಟರ್ ಉದ್ದದ ಒಂದು ಗೆರೆ ಇದೆ. ಮೆಟ್ಟಿಲಲ್ಲಿ ಜಾರಿದೆ, ಬೀಳುವಾಗ ಕೈ ಊರಿದೆ, ಮೂಳೆ ಮುರಿಯಿತು. ಒಳಗೆ ಒಂದು ಪ್ಲೇಟು, ಏಳೆಂಟು ಸ್ಕ್ರೂ. ಮೂಳೆ ಚೆನ್ನಾಗಿಯೇ ಕೂಡಿಕೊಂಡಿತು. ಎಕ್ಸ್‌ರೇ ನೋಡಿ ಡಾಕ್ಟರಿಗೆ ಖುಷಿಯಾಯಿತು. ನನ್ನ ಕಣ್ಣಿಗೆ ಮಾತ್ರ ಎಕ್ಸ್‌ರೇಯಲ್ಲಿ ಕಾಣದ್ದೇ ಬೀಳುತ್ತಿತ್ತು. ಕೆಂಪಗೆ ಉಬ್ಬಿ ಹೊಳೆಯುವ, ರಾತ್ರಿ ನಿದ್ದೆಯಲ್ಲೂ ತುರಿಸುವ ಆ ಗೆರೆ.

"ಕೈ ಉಳಿಯಿತಲ್ಲ, ಕಲೆ ಏನು ಮಹಾ" ಎಂದವರು ಬಹಳ ಜನ. ಮಾತು ಸುಳ್ಳಲ್ಲ. ಆದರೆ ಕಲೆ ಅನ್ನೋದು ಬರೀ ಅಂದದ ವಿಷಯ ಅಂತ ನಾನೂ ಅಂದುಕೊಂಡಿದ್ದೆ, ಫಿಸಿಯೋಥೆರಪಿಗೆ ಹೋದ ಮೊದಲ ದಿನದವರೆಗೆ.

ಅಲ್ಲಿನ ಮೇಡಂ ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನಿಧಾನಕ್ಕೆ ಬೆರಳು ಮಡಚಿ" ಎಂದರು. ಮಡಚಿದೆ. ಗೆರೆಯ ನಡುವೆ ಒಂದು ಕಡೆ ಚರ್ಮ ಒಳಕ್ಕೆ ಎಳೆದುಕೊಂಡು ಸಣ್ಣ ಗುಳಿ ಬಿತ್ತು. ಬೆರಳು ಬಿಟ್ಟೆ, ಗುಳಿ ಹೋಯಿತು. ಮತ್ತೆ ಮಡಚಿದೆ, ಮತ್ತೆ ಗುಳಿ. "ಇಲ್ಲಿ ಅಂಟಿಕೊಂಡಿದೆ ನೋಡಿ. ಕೆಳಗಿನ ಟೆಂಡನ್, ಅಂದ್ರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ, ಓಡಾಡುವಾಗ ಮೇಲಿನ ಚರ್ಮವನ್ನೂ ಜೊತೆಗೆ ಎಳೆದುಕೊಂಡು ಹೋಗ್ತಿದೆ" ಎಂದರು. ಆ ಗುಳಿಯ ಮೇಲೆ ಹೆಬ್ಬೆರಳು ಊರಿ ಗಟ್ಟಿಯಾಗಿ ಒತ್ತಿ ಸರಿಸಿದರು. ಕಣ್ಣಲ್ಲಿ ನೀರು ಬಂತು.

ಕಲೆ ಹೊರಗಿನ ಗೆರೆಯಷ್ಟೇ ಅಲ್ಲ, ಒಳಗೆ ಆಳಕ್ಕೆ ಇಳಿದ ಒಂದು ಗೋಡೆ ಅಂತ ಆವತ್ತು ಅರ್ಥವಾಯಿತು. ಆವತ್ತಿನಿಂದ ಕಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಶುರು ಮಾಡಿದೆ. ಎಲ್ಲಿ ಓದಿದರೂ ಎರಡನೇ ಪುಟಕ್ಕೇ ಒಂದು ಹೆಸರು ಎದುರಾಗುತ್ತಿತ್ತು: ಪೆಪ್ಟೈಡ್. ಹಚ್ಚುವ ಪೆಪ್ಟೈಡ್, ಚುಚ್ಚಿಕೊಳ್ಳುವ ಪೆಪ್ಟೈಡ್. "ಗಾಯ ಬೇಗ ಮಾಯುತ್ತದೆ, ಕಲೆಯೇ ಉಳಿಯುವುದಿಲ್ಲ" ಎಂಬ ಭರವಸೆ.

ಈ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಗಾಯ ಮಾಯುತ್ತದೆ ಅನ್ನುತ್ತೇವೆ. ಪಕ್ಕದಲ್ಲೇ ಇನ್ನೊಂದು ಮಾತಿದೆ, ಮಾಯವಾಗುತ್ತದೆ. ಕಿವಿಗೆ ಎರಡೂ ಅಕ್ಕತಂಗಿಯರ ಹಾಗೆ ಕೇಳುತ್ತವೆ. ಆದರೆ ಮಾಯುವುದೇ ಬೇರೆ, ಮಾಯವಾಗುವುದೇ ಬೇರೆ. ಮಾಯುವುದು ನಮ್ಮ ದೇಹಕ್ಕೆ ಚೆನ್ನಾಗಿ ಗೊತ್ತು. ಗುರುತೇ ಉಳಿಯದ ಹಾಗೆ ಚರ್ಮವನ್ನು ಮೊದಲಿನಂತೆ ಮಾಡುವುದು ಅದಕ್ಕೆ ಗೊತ್ತಿದ್ದದ್ದು ತಾಯಿಯ ಹೊಟ್ಟೆಯಲ್ಲಿದ್ದಾಗ ಮಾತ್ರ. ಸುಮಾರು 24 ವಾರದೊಳಗಿನ ಭ್ರೂಣದ ಚರ್ಮಕ್ಕೆ ಗಾಯವಾದರೆ ಕಲೆ ಉಳಿಯುವುದಿಲ್ಲ. ಆಮೇಲೆ ಆ ವಿದ್ಯೆ ಮರೆತುಹೋಗುತ್ತದೆ. ನಾವು ಹುಟ್ಟುವ ಹೊತ್ತಿಗೆ ಕೈಯಲ್ಲಿ ಉಳಿದಿರುವುದು ತೇಪೆ ಹಾಕುವ ಕೆಲಸ ಒಂದೇ.

ತೇಪೆ ಯಾಕೆ ಅಂತೀರಾ? ಒಳ್ಳೆಯ ಚರ್ಮದಲ್ಲಿ ಕೊಲಾಜೆನ್, ಅಂದರೆ ಚರ್ಮಕ್ಕೆ ಬಲ ಕೊಡುವ ಪ್ರೋಟೀನಿನ ಎಳೆಗಳು, ಬುಟ್ಟಿ ಹೆಣೆದ ಹಾಗೆ ಎಲ್ಲಾ ದಿಕ್ಕಿಗೂ ಹೋಗಿರುತ್ತವೆ. ಅದಕ್ಕೇ ಚರ್ಮ ಯಾವ ಕಡೆ ಎಳೆದರೂ ಹಿಗ್ಗಿ ವಾಪಸ್ ಬರುತ್ತದೆ. ಗಾಯವಾದಾಗ ದೇಹಕ್ಕೆ ಅಷ್ಟು ವ್ಯವಧಾನ ಇಲ್ಲ. ಬಾಯಿ ತೆರೆದ ಗಾಯ ಅಂದರೆ ರಕ್ತ ಹೋಗುತ್ತದೆ, ಕೀವಾಗುತ್ತದೆ, ಜೀವಕ್ಕೇ ಕುತ್ತು. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಬಿಳಿರಕ್ತಕಣಗಳು ಬಂದು ಕಸ ಗುಡಿಸುತ್ತವೆ. ಆಮೇಲೆ ಫೈಬ್ರೋಬ್ಲಾಸ್ಟ್ ಅನ್ನುವ ಕೋಶಗಳು ಬಂದು ಮೂರನೇ ಬಗೆಯ ಕೊಲಾಜೆನ್ನನ್ನು ಅವಸರದಲ್ಲಿ ಸುರಿಯುತ್ತವೆ. ಅವುಗಳಲ್ಲಿ ಕೆಲವು ರೂಪ ಬದಲಿಸಿ, ಮಾಂಸಖಂಡದ ಹಾಗೆ ಸಂಕುಚಿಸಿ, ಗಾಯದ ಎರಡೂ ಅಂಚನ್ನು ಹತ್ತಿರಕ್ಕೆ ಎಳೆಯುತ್ತವೆ. ಮಯೋಫೈಬ್ರೋಬ್ಲಾಸ್ಟ್ ಅಂತ ಅವುಗಳ ಹೆಸರು. 1971ರಲ್ಲಿ ಜೂಲಿಯೋ ಗಬ್ಬಿಯಾನಿ ಮತ್ತು ಜೊತೆಗಾರರು ಇವನ್ನು ಗುರುತಿಸಿದರು. ನನ್ನ ಮಣಿಕಟ್ಟಿನಲ್ಲಿ ಆ ಗುಳಿ ಎಳೆಯುತ್ತಿದ್ದದ್ದರಲ್ಲಿ ಇವುಗಳ ಪಾಲೂ ಇದ್ದೇ ಇತ್ತು.

ಆಮೇಲೆ ತಿಂಗಳುಗಟ್ಟಲೆ ರಿಪೇರಿ. ಮೂರನೇ ಬಗೆಯ ಕೊಲಾಜೆನ್ ಕಿತ್ತು ಒಂದನೇ ಬಗೆಯದನ್ನು ಹಾಕುವುದು, ಜಾಸ್ತಿಯಾದದ್ದನ್ನು ತೆಗೆಯುವುದು. ಮೂರನೇ ವಾರಕ್ಕೆ ಗಾಯದ ಜಾಗಕ್ಕೆ ಮೊದಲಿನ ಚರ್ಮದ ಸುಮಾರು 20% ಬಲ ಮಾತ್ರ ಬಂದಿರುತ್ತದೆ. ವರ್ಷ ಕಳೆದರೂ ಅದು ಹೆಚ್ಚೆಂದರೆ ಸುಮಾರು 80%ಕ್ಕೆ ನಿಲ್ಲುತ್ತದೆ. ಎಳೆಗಳೂ ಮತ್ತೆ ಬುಟ್ಟಿಯ ಹೆಣಿಗೆ ಆಗುವುದಿಲ್ಲ. ಹಾಸು ಇದೆ, ಹೊಕ್ಕು ಇಲ್ಲ ಎಂಬಂತೆ, ಒಂದೇ ದಿಕ್ಕಿಗೆ ಒತ್ತಾಗಿ ಮಲಗಿರುತ್ತವೆ.

ಕಲೆಯ ಬಗ್ಗೆ ನಾನು ಓದಿದ್ದರಲ್ಲಿ ನನ್ನನ್ನು ಜಾಸ್ತಿ ಅಲುಗಾಡಿಸಿದ್ದು ಒಂದು ಹಳೆಯ ಹಡಗಿನ ಕಥೆ. 1740ರಲ್ಲಿ ಜಾರ್ಜ್ ಆನ್ಸನ್ ಎಂಬ ಇಂಗ್ಲಿಷ್ ನೌಕಾಧಿಕಾರಿ ಭೂಮಿ ಸುತ್ತಲು ಹೊರಟ. ದಾರಿಯಲ್ಲಿ ನಾವಿಕರಿಗೆ ಸ್ಕರ್ವಿ ಬಂತು, ಅಂದರೆ ವಿಟಮಿನ್ ಸಿ ಕೊರತೆ. ಅವರಲ್ಲೊಬ್ಬ ಮುದುಕ. 1690ರಲ್ಲಿ ಐರ್ಲೆಂಡಿನಲ್ಲಿ ನಡೆದ ಬಾಯ್ನ್ ಯುದ್ಧದಲ್ಲಿ ಗಾಯಗೊಂಡಿದ್ದವನು. ಆ ಗಾಯ ಬೇಗ ಮಾಯ್ದು 50 ವರ್ಷ ಕಳೆದಿತ್ತು. ಸ್ಕರ್ವಿ ಬಂದಾಗ ಅದು ಮತ್ತೆ ಬಾಯಿ ಬಿಟ್ಟಿತು, ಎಂದೂ ಮಾಯ್ದೇ ಇರಲಿಲ್ಲವೇನೋ ಎಂಬ ಹಾಗೆ. ಆ ಪ್ರಯಾಣದ ವರದಿಯಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಕೊಲಾಜೆನ್ ಸರಿಯಾಗಿ ಕೂಡಲು ವಿಟಮಿನ್ ಸಿ ಬೇಕು. ಹಳೆಯ ಕಲೆಯಲ್ಲಿ ಕೂಡ ಕೊಲಾಜೆನ್ ಸವೆಯುತ್ತಲೇ ಇರುತ್ತದೆ, ಹೊಸದು ಸೇರುತ್ತಲೇ ಇರುತ್ತದೆ. ಸೇರುವುದು ನಿಂತರೆ ಗಾಯ ವಾಪಸ್.

ಅಂದರೆ 50 ವರ್ಷದ ಕಲೆ ಕೂಡ ಮುಗಿದ ಕೆಲಸ ಅಲ್ಲ. ಯಾರೋ ಒಳಗೆ ಕೂತು ದಿನಾ ಅದನ್ನು ಹಿಡಿದಿಟ್ಟುಕೊಂಡಿದ್ದಾರೆ. ಇದನ್ನು ಓದಿದ ರಾತ್ರಿ ಕೈಯ ಗೆರೆಯನ್ನು ಸುಮ್ನೆ ಮುಟ್ಟಿ ನೋಡುತ್ತಾ ಕೂತಿದ್ದೆ. ಅದರ ಮೇಲೆ ಇದ್ದ ಸಿಟ್ಟು ಅರ್ಧಕ್ಕರ್ಧ ಇಳಿದುಹೋಯಿತು.

ಹಾಗೆ ನೋಡಿದಾಗ ಪೆಪ್ಟೈಡ್ ಮೇಲಿನ ಆಸೆಗೆ ಒಂದು ಅರ್ಥವಿದೆ. ಒಳಗೆ ಕೆಲಸಗಾರರು ಇದ್ದಾರೆ ಅಂದಮೇಲೆ ಅವರಿಗೆ ಹೇಳಿಕಳಿಸಬಹುದು ಅಲ್ವಾ? ಪೆಪ್ಟೈಡ್ ಅಂದರೆ ಅಂಥ ಹೇಳಿಕೆಯೇ. ಅಮೈನೋ ಆಮ್ಲಗಳನ್ನು ಮಣಿಗಳು ಅಂದುಕೊಳ್ಳಿ. ಅವನ್ನು ಪೋಣಿಸಿದ ಉದ್ದ ಸರ ಪ್ರೋಟೀನ್. ಗಿಡ್ಡ ಸರ, ಸಾಮಾನ್ಯವಾಗಿ 50ಕ್ಕಿಂತ ಕಡಿಮೆ ಮಣಿಯದ್ದು, ಪೆಪ್ಟೈಡ್. ಇದರಲ್ಲಿ ಮಾಯಮಂತ್ರ ಏನಿಲ್ಲ. 51 ಮಣಿಯ ಇನ್ಸುಲಿನ್ ಈ ಗಡಿಯಲ್ಲೇ ನಿಂತಿದೆ, 100 ವರ್ಷಗಳಿಂದ ಜೀವ ಉಳಿಸುತ್ತಿದೆ. ಗಿಡ್ಡ ಸರವೊಂದು ಕೋಶದ ಬಾಗಿಲು ತಟ್ಟಿ "ಇದನ್ನು ಮಾಡು, ಅದನ್ನು ನಿಲ್ಲಿಸು" ಎನ್ನಬಲ್ಲದು. ಇಷ್ಟು ನಿಜ.

ಗಾಯದ ವಿಷಯದಲ್ಲಿ ಹೆಚ್ಚು ಕೇಳಿಬರುವ ಹೆಸರು ಜಿಎಚ್‌ಕೆ. ಬರೀ ಮೂರು ಮಣಿ: ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್. 1973ರಲ್ಲಿ ಲೋರೆನ್ ಪಿಕಾರ್ಟ್ ಇದನ್ನು ಮನುಷ್ಯರ ರಕ್ತದ ಪ್ಲಾಸ್ಮಾದಲ್ಲಿ ಕಂಡುಹಿಡಿದರು. ಇದು ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಅದರಿಂದಲೇ ನೀಲಿ ಬಣ್ಣ. ನನಗೆ ಬಹಳ ಹಿಡಿಸಿದ್ದು ಇದರ ಹುಟ್ಟು. ಈ ಮೂರು ಮಣಿಯ ಸರ ಕೊಲಾಜೆನ್ ಒಳಗೇ ಒಂದು ಕಡೆ ಅಡಗಿದೆ. ಗಾಯವಾಗಿ ಕೊಲಾಜೆನ್ ತುಂಡಾದಾಗ ಇದು ಕಳಚಿ ಹೊರಗೆ ಬರಬಹುದು, ಬಂದು "ಇಲ್ಲಿ ಹರಿದಿದೆ, ಬನ್ನಿ" ಎಂದು ಕರೆಯಬಹುದು ಎಂಬುದು ಸಂಶೋಧಕರ ಊಹೆ. ಹರಿದ ಬಟ್ಟೆಯ ಚೂರೇ ದರ್ಜಿಯನ್ನು ಕರೆದ ಹಾಗೆ. 1988ರಲ್ಲಿ ಫ್ರಾನ್ಸಿನ ಮಕಾರ್ಟ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು, ತಟ್ಟೆಯಲ್ಲಿ ಬೆಳೆಸಿದ ಫೈಬ್ರೋಬ್ಲಾಸ್ಟ್‌ಗಳು ಜಿಎಚ್‌ಕೆ-ತಾಮ್ರ ಸಿಕ್ಕಾಗ ಹೆಚ್ಚು ಕೊಲಾಜೆನ್ ಮಾಡುತ್ತವೆ ಎಂದು ತೋರಿಸಿದರು.

ಇನ್ನೊಂದು ಕ್ರೀಮುಗಳಲ್ಲಿ ಸಿಗುವ ಪಾಲ್ಮಿಟಾಯ್ಲ್ ಪೆಂಟಾಪೆಪ್ಟೈಡ್. ಐದು ಮಣಿ, ಜೊತೆಗೆ ಕೊಬ್ಬಿನ ಒಂದು ಬಾಲ. ಚರ್ಮದ ಹೊರಪದರಕ್ಕೆ ನೀರಿನಲ್ಲಿ ಕರಗುವ ವಸ್ತುಗಳೆಂದರೆ ಅಷ್ಟಕ್ಕಷ್ಟೇ. ಜಿಡ್ಡಿನ ಬಾಲ ಇದ್ದರೆ ಒಳಗೆ ನುಸುಳುವುದು ಸ್ವಲ್ಪ ಸುಲಭ. ಚರ್ಮದ ವಿಷಯದಲ್ಲಿ 500 ಡಾಲ್ಟನ್ ಎಂಬ ಒಂದು ಅಂದಾಜಿನ ಗೆರೆ ಇದೆ. ಅಣುವಿನ ತೂಕ ಅದನ್ನು ಮೀರಿದರೆ ಸರಿಯಾದ ಚರ್ಮದ ಮೂಲಕ ಒಳಗೆ ಹೋಗುವುದು ಕಷ್ಟ. ಜಿಎಚ್‌ಕೆ ಸುಮಾರು 340 ಡಾಲ್ಟನ್, ಆ ಲೆಕ್ಕದಲ್ಲಿ ಪಾಸು. ಹದಿನೈದು, ಇಪ್ಪತ್ತು ಮಣಿಯ ಪೆಪ್ಟೈಡ್‌ಗಳನ್ನು ಮಾಯ್ದ ಚರ್ಮದ ಮೇಲೆ ಎಷ್ಟು ಉಜ್ಜಿದರೂ ಬಹುಪಾಲು ಮೇಲೇ ಉಳಿಯುತ್ತವೆ.

ಇಲ್ಲಿ ನನಗೊಂದು ಪ್ರಶ್ನೆ ಎದ್ದಿತು, ಇವತ್ತಿಗೂ ಅದನ್ನು ಬಿಟ್ಟಿಲ್ಲ. ಈ ಪೆಪ್ಟೈಡ್‌ಗಳನ್ನು ಹೊಗಳುವಾಗ ಮೊದಲು ಹೇಳುವುದು "ಕೊಲಾಜೆನ್ ಹೆಚ್ಚಿಸುತ್ತದೆ" ಎಂದು. ಸುಕ್ಕಿಗೆ ಅದು ಸರಿ ಇರಬಹುದು. ಮೊಡವೆ, ಸಿಡುಬು ಬಿಟ್ಟುಹೋದ ಗುಳಿ ಕಲೆಗೂ ಅರ್ಥವಾಗುತ್ತದೆ, ಅಲ್ಲಿ ಚರ್ಮವೇ ಕಡಿಮೆ ಬಿದ್ದಿದೆ. ಆದರೆ ನನ್ನ ಕೈಯ ಉಬ್ಬಿದ ಗೆರೆಯಲ್ಲಿ ಕೊಲಾಜೆನ್‌ಗೆ ಏನು ಬರ? ಅಲ್ಲಿ ಅದು ಬೇಕಾದ್ದಕ್ಕಿಂತ ಜಾಸ್ತಿಯಾಗಿಯೇ ಉಬ್ಬಿದೆ. ಉಬ್ಬು ಕಲೆ ಅಂದರೆ ರಿಪೇರಿ ಸಾಲದೆ ಆದದ್ದಲ್ಲ, ರಿಪೇರಿ ನಿಲ್ಲಿಸಲು ಹೇಳುವವರಿಲ್ಲದೆ ಆದದ್ದು. ಕೀಲಾಯ್ಡ್‌ನಲ್ಲಂತೂ ಅದು ಗಾಯದ ಗಡಿಯನ್ನೇ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬುತ್ತದೆ. ಅಂಥ ಜಾಗಕ್ಕೆ ಹೋಗಿ "ಇನ್ನಷ್ಟು ಮಾಡಿ" ಎಂದು ಹೇಳಿಸುವುದೇ?

ಜಿಎಚ್‌ಕೆ ಪರವಾಗಿ ಮಾತಾಡುವವರ ಬಳಿ ಇದಕ್ಕೆ ಉತ್ತರ ಇದೆ, ಅದನ್ನೂ ಹೇಳಬೇಕು. ಅದು ಕೊಲಾಜೆನ್ ಕಟ್ಟುವ ಕೆಲಸವನ್ನು ಮಾತ್ರವಲ್ಲ, ಹಳೆಯದನ್ನು ಕತ್ತರಿಸುವ ಕಿಣ್ವಗಳನ್ನೂ ಚುರುಕು ಮಾಡುತ್ತದೆ ಎಂದು ಪ್ರಯೋಗಾಲಯದ ಕೆಲಸಗಳು ಹೇಳುತ್ತವೆ. ಕಟ್ಟುವುದು, ಕೆಡವುವುದು ಎರಡೂ ಸೇರಿದರೆ ಮರುಹೆಣಿಗೆ. ಮಾತು ಚೆನ್ನಾಗಿದೆ. ಆದರೆ ತಟ್ಟೆಯಲ್ಲಿ ಬೆಳೆದ ಕೋಶ ಬೇರೆ, ಉಸಿರಾಡುವ ಮನುಷ್ಯನ ಕೈ ಬೇರೆ. ಆಪರೇಷನ್ ಕಲೆಯ ಮೇಲೆ ಇದನ್ನು ಹಚ್ಚಿ, ಹಚ್ಚದ ಕಲೆಯೊಂದಿಗೆ ಹೋಲಿಸಿ, ಸಾಕಷ್ಟು ಜನರಲ್ಲಿ ಗಟ್ಟಿಯಾಗಿ ತೋರಿಸಿದ ಕೆಲಸ ನನ್ನ ಕಣ್ಣಿಗೆ ಬೀಳಲಿಲ್ಲ.

ಆದರೂ ಒಂದು ಜಿಎಚ್‌ಕೆ ಸೀರಮ್ ಕೊಂಡು ತಂದೆ. ಆಸೆ ಅನ್ನೋದು ಹಾಗೇ. ಒಂದು ಸಣ್ಣ ಬಾಟಲಿ, ನೀಲಿ ಶಾಯಿಯನ್ನು ನೀರಿಗೆ ಬೆರೆಸಿದಂತಹ ಬಣ್ಣ. ಹೊಲಿಗೆ ಬಿಚ್ಚಿ, ಹಕ್ಕಳೆ ಎಲ್ಲಾ ಉದುರಿ, ಚರ್ಮ ಪೂರ್ತಿ ಮುಚ್ಚಿದ್ದು ಖಾತ್ರಿ ಮಾಡಿಕೊಂಡು ಏಳನೇ ವಾರದಲ್ಲಿ ಶುರು ಮಾಡಿದೆ. ಡಾಕ್ಟರಿಗೆ ಹೇಳಿಯೇ ಮಾಡಿದೆ. "ಮುಚ್ಚಿದ ಚರ್ಮದ ಮೇಲೆ ತೊಂದರೆ ಇಲ್ಲ, ಕೆಂಪಾದರೆ ನಿಲ್ಲಿಸಿ. ಕಲೆಗೆ ಹಚ್ಚುವ ಸಿಲಿಕೋನ್ ಜೆಲ್ ಮಾತ್ರ ಬಿಡಬೇಡಿ" ಎಂದರು.

ನನಗೆ ತಿಳಿದಷ್ಟರಲ್ಲಿ ಒಂದು ಪರೀಕ್ಷೆ ಮಾಡೋಣ ಅನ್ನಿಸಿತು. ಗೆರೆಯ ನಡುವೆ, ಗುಳಿ ಬೀಳುತ್ತಿದ್ದ ಜಾಗವನ್ನೇ ಗಡಿ ಮಾಡಿಕೊಂಡೆ. ಅಂಗೈ ಕಡೆಯ ಅರ್ಧಕ್ಕೆ ದಿನಾ ರಾತ್ರಿ ನೀಲಿ ಹನಿ. ಮೊಣಕೈ ಕಡೆಯ ಅರ್ಧಕ್ಕೆ ಏನೂ ಇಲ್ಲ. ಸೀರಮ್ ಆರಿದ ಮೇಲೆ ಇಡೀ ಗೆರೆಗೆ ಸಿಲಿಕೋನ್ ಜೆಲ್. ಪ್ರತಿ ತಿಂಗಳ ಮೊದಲ ದಿನ ಅದೇ ಕಿಟಕಿ, ಅದೇ ಬೆಳಗಿನ ಹೊತ್ತು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ. ಹೀಗೆ ಐದು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಗೆರೆ ನಿಜಕ್ಕೂ ಬದಲಾಯಿತು. ಕೆಂಪು ಗುಲಾಬಿಗೆ ತಿರುಗಿತು, ಗುಲಾಬಿ ಕಂದು ಬಣ್ಣಕ್ಕೆ. ಉಬ್ಬು ಇಳಿಯಿತು. ತುರಿಕೆ ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ. ನಾನು ಇಡೀ ಗೆರೆಗೆ ಆ ನೀಲಿ ಸೀರಮ್ ಹಚ್ಚಿದ್ದಿದ್ದರೆ ಇವತ್ತು ಎದೆ ತಟ್ಟಿ ಹೇಳುತ್ತಿದ್ದೆ, ಅದು ಕೆಲಸ ಮಾಡಿತು ಎಂದು. ಅರ್ಧಕ್ಕೆ ಮಾತ್ರ ಹಚ್ಚಿದ್ದರಿಂದ ಹಾಗೆ ಹೇಳುವ ಹಾಗಿಲ್ಲ. ಎರಡೂ ಅರ್ಧಗಳು ಬದಲಾದವು.

ಐದು ತಿಂಗಳು ಮುಗಿದ ದಿನ ಅಕ್ಕನ ಮುಂದೆ ಕೈ ಚಾಚಿದೆ. ಯಾವ ಕಡೆ ಹಚ್ಚಿದ್ದೆ ಅಂತ ಅವಳಿಗೆ ಹೇಳಿರಲಿಲ್ಲ. "ಅಕ್ಕ, ಯಾವ ಕಡೆ ಚೆನ್ನಾಗಿದೆ ನೋಡಿ ಹೇಳು" ಎಂದೆ. ಕನ್ನಡಕ ಹಾಕಿಕೊಂಡಳು. ಕೈಯನ್ನು ಆ ಕಡೆ ಈ ಕಡೆ ತಿರುಗಿಸಿದಳು. ಬೆರಳಿನಿಂದ ಗೆರೆಯ ಉದ್ದಕ್ಕೂ ಮೆಲ್ಲಗೆ ಸವರಿದಳು. ಆಮೇಲೆ ಮೊಣಕೈ ಕಡೆಯ ಅರ್ಧದ ಮೇಲೆ ಬೆರಳಿಟ್ಟು, "ಈ ಕಡೆ ಕಣೇ. ಇಲ್ಲಿ ಗೆರೆ ತೆಳ್ಳಗಿದೆ. ಆ ಕಡೆ ಸ್ವಲ್ಪ ಅಗಲ" ಎಂದಳು.

ಹಚ್ಚದೇ ಬಿಟ್ಟ ಅರ್ಧ ಅದು.

ಒಂದು ಕ್ಷಣ ಮನಸ್ಸಿಗೆ ಬೇಜಾರಾಯಿತು. ಆಮೇಲೆ ಕೈ ಮಡಚಿ ಬಿಡಿಸಿ ನೋಡುತ್ತಿದ್ದಾಗ ಇನ್ನೊಂದು ಹೊಳೆಯಿತು. ಅಂಗೈ ಕಡೆಯ ಅರ್ಧ ಮಣಿಕಟ್ಟಿನ ಮಡಿಕೆಗೆ ಹತ್ತಿರ. ದಿನಕ್ಕೆ ನೂರಾರು ಸಲ ಅದು ಎಳೆಯುತ್ತದೆ, ಮಡಚುತ್ತದೆ. ಎಳೆತ ಬಿದ್ದ ಕಲೆ ಅಗಲವಾಗುತ್ತದೆ. ಎದೆ, ಭುಜ, ಕೀಲುಗಳ ಮೇಲಿನ ಕಲೆಗಳು ಯಾಕೆ ಕೆಟ್ಟದಾಗುತ್ತವೆ ಅನ್ನುವುದರ ಒಂದು ಕಾರಣ ಇದೇ. ಹಾಗಾಗಿ ಸೀರಮ್ ಸೋತಿತು ಅಂತಲೂ ನಾನು ಹೇಳಲಾರೆ. ಅದು ಇಲ್ಲದಿದ್ದರೆ ಆ ಅರ್ಧ ಇನ್ನೂ ಅಗಲವಾಗುತ್ತಿತ್ತೋ ಏನೋ. ಒಂದು ಕೈ, ಒಂದು ಗೆರೆ. ಇದರಿಂದ ಇಷ್ಟೇ ಗೊತ್ತಾಗುವುದು.

ನನಗೆ ಮುಖ್ಯ ಅನ್ನಿಸುವುದು ಇದು. ಕಲೆ ತನ್ನಷ್ಟಕ್ಕೆ ತಾನೇ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಸುಧಾರಿಸುತ್ತಾ ಹೋಗುತ್ತದೆ. ಅದು ಅತಿ ಕೆಟ್ಟದಾಗಿ ಕಾಣುವುದು ಮೊದಲ ಕೆಲವು ತಿಂಗಳಲ್ಲಿ. ನಾವು ಹತಾಶರಾಗಿ ಏನನ್ನಾದರೂ ಕೊಂಡು ತರುವುದೂ ಆಗಲೇ. ಅಲ್ಲಿಂದ ಮುಂದೆ ಏನು ಹಚ್ಚಿದರೂ, ಏನೂ ಹಚ್ಚದಿದ್ದರೂ, ಬಹಳ ಜನರಿಗೆ ಕಡಿಮೆಯಾಗುತ್ತದೆ. ದೇಹ ಮಾಡಿದ ಕೆಲಸದ ಕೂಲಿ ಬಾಟಲಿಗೆ ಹೋಗುತ್ತದೆ. "ನಾನು ಬಳಸಿದೆ, ನನಗೆ ಗುಣವಾಯಿತು" ಎಂದು ಬರೆಯುವವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಹಚ್ಚದೇ ಬಿಟ್ಟ ಅರ್ಧ ಅವರ ಬಳಿ ಇಲ್ಲ, ಅಷ್ಟೇ. ವಿಟಮಿನ್ ಇ ಕಥೆಯೂ ಹೀಗೇ. ಎಷ್ಟೋ ವರ್ಷ ಎಲ್ಲರೂ ಕಲೆಗೆ ಅದನ್ನು ಹಚ್ಚಿದರು. 1999ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಒಂದೇ ಕಲೆಯ ಒಂದು ಭಾಗಕ್ಕೆ ವಿಟಮಿನ್ ಇ ಇರುವ ಮುಲಾಮು, ಇನ್ನೊಂದು ಭಾಗಕ್ಕೆ ಬರೀ ಮುಲಾಮು ಹಚ್ಚಿಸಿದರು. ಲಾಭವೇನೂ ಕಾಣಲಿಲ್ಲ, ಮೂರರಲ್ಲಿ ಒಬ್ಬರಿಗೆ ಚರ್ಮ ಕೆರಳಿತು.

ಆ ಮಧ್ಯೆ ಇನ್ನೊಂದು ಘಟನೆ ನಡೆಯಿತು. ವ್ಯಾಯಾಮದಲ್ಲಿ ಮುಳುಗಿರುವ ಗೆಳತಿಯೊಬ್ಬಳು ಮನೆಗೆ ಬಂದಿದ್ದಳು. ನನ್ನ ಕೈ ನೋಡಿ ಮರುಕಪಟ್ಟು ಮಾರನೇ ದಿನ ಒಂದು ಚಿಕ್ಕ ಗಾಜಿನ ಸೀಸೆ ತಂದುಕೊಟ್ಟಳು. ಬಿಪಿಸಿ-157. ತಳದಲ್ಲಿ ಬೆಳ್ಳಗಿನ ಪುಡಿ ಒಂದು ಬಿಲ್ಲೆಯ ಹಾಗೆ ಅಂಟಿಕೊಂಡಿತ್ತು. ಅದಕ್ಕೆ ನೀರು ಬೆರೆಸಿ ಸಣ್ಣ ಸೂಜಿಯಲ್ಲಿ ಚರ್ಮದ ಕೆಳಗೆ ಚುಚ್ಚಿಕೊಳ್ಳಬೇಕು. "ನನ್ನ ಮೊಣಕಾಲು ಇದರಿಂದಲೇ ಸರಿಹೋಯಿತು, ನಂಬು" ಎಂದಳು. ಅವಳ ಕಾಳಜಿಯಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಸೀಸೆಯನ್ನು ತಿರುಗಿಸಿದೆ. ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಸಾಲು: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ.

ಬಿಪಿಸಿ-157 ಅಂದರೆ 15 ಮಣಿಯ ಪೆಪ್ಟೈಡ್. ಹೊಟ್ಟೆಯ ರಸದಲ್ಲಿರುವ ಒಂದು ಪ್ರೋಟೀನಿನ ತುಂಡು ಎಂದು ಹೇಳಲಾಗುತ್ತದೆ. ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಪ್ರೆಡ್ರಾಗ್ ಸಿಕಿರಿಚ್ ಅವರ ತಂಡ ಇದರ ಮೇಲೆ ಹಲವು ದಶಕ ಕೆಲಸ ಮಾಡಿದೆ. ಇಲಿಗಳಲ್ಲಿ ಟೆಂಡನ್, ಕರುಳು, ಚರ್ಮ ಎಲ್ಲಾ ಬೇಗ ಮಾಯ್ದದ್ದನ್ನು ವರದಿ ಮಾಡಿದ್ದಾರೆ. ಇಲಿಗಳಲ್ಲಿ. ಮನುಷ್ಯರಲ್ಲಿ ಆಗಿರುವುದು ಬಹಳ ಕಡಿಮೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಇದನ್ನು, ಔಷಧಿ ಬೆರೆಸಿಕೊಡುವವರು ಬಳಸಿದರೆ ಸುರಕ್ಷತೆಯ ಆತಂಕ ಇರುವ ವಸ್ತುಗಳ ಸಾಲಿಗೆ ಸೇರಿಸಿತು. ಕ್ರೀಡಾಪಟುಗಳಿಗೆ 2022ರಿಂದ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧವಿದೆ. ಇದರ ಜೊತೆಗೇ ಮಾರುವ ಟಿಬಿ-500 ಕೂಡ ನಿಷೇಧಿತವೇ. 43 ಮಣಿಯ ಥೈಮೋಸಿನ್ ಬೀಟಾ-4 ಎಂಬ ಪೆಪ್ಟೈಡಿಗೆ ಸಂಬಂಧಪಟ್ಟದ್ದು ಅದು.

ಗೆಳತಿಗೆ ನಾನು ಹೇಳಿದ್ದು ಮೂರು ಮಾತು. ಸೀಸೆಯೊಳಗೆ ಲೇಬಲ್ ಹೇಳಿದ್ದೇ ಇದೆ ಎಂದು ನೋಡಿದವರು ಯಾರು? ಔಷಧಿ ಗುಣಮಟ್ಟದಲ್ಲಿ ಮಾಡದ ಪುಡಿಯಲ್ಲಿ ಬ್ಯಾಕ್ಟೀರಿಯಾದ ವಿಷದ ಚೂರು ಉಳಿದಿದ್ದರೆ ಅದು ನೇರ ದೇಹದೊಳಗೆ ಹೋಗುತ್ತದೆ. ಎರಡನೆಯದು, ಇದರ ಹೆಗ್ಗಳಿಕೆಯೇ ಹೊಸ ರಕ್ತನಾಳ ಬೆಳೆಸುವುದು. ಹೊಸ ರಕ್ತನಾಳ ಗಾಯಕ್ಕೂ ಬೇಕು, ಗಡ್ಡೆಗೂ ಬೇಕು. ಎಲ್ಲೋ ಮಲಗಿರುವ ಕ್ಯಾನ್ಸರ್ ಕೋಶಕ್ಕೆ ಇದು ಏನು ಹೇಳುತ್ತದೆ ಎಂದು ಯಾರೂ ಮನುಷ್ಯರಲ್ಲಿ ವರ್ಷಗಟ್ಟಲೆ ಕಾದು ನೋಡಿಲ್ಲ. ಮೂರನೆಯದು, ಬೇಗ ಮಾಯುವುದಕ್ಕೂ ಕಲೆ ಉಳಿಯದಿರುವುದಕ್ಕೂ ಸಂಬಂಧ ಇದೆ, ಆದರೆ ಅವೆರಡೂ ಒಂದೇ ಅಲ್ಲ. ಸುಟ್ಟಗಾಯ ಮಾಯಲು ಮೂರು ವಾರಕ್ಕಿಂತ ಜಾಸ್ತಿ ಹಿಡಿದರೆ ಉಬ್ಬು ಕಲೆ ಬರುವ ಸಂಭವ ಹೆಚ್ಚು, ನಿಜ. ಆದರೆ ನನ್ನ ಗಾಯ ಮಾಯ್ದು ತಿಂಗಳಾಗಿದೆ. ಕೆಂಪಾಗಿ ಉಬ್ಬಿದ ಕಲೆಯಲ್ಲಿ ರಕ್ತನಾಳ ಈಗಾಗಲೇ ಜಾಸ್ತಿ, ಆ ಕೆಂಪು ಅದರದ್ದೇ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಸೀಸೆ ವಾಪಸ್ ತೆಗೆದುಕೊಂಡು ಹೋದಳು. ಅವಳೂ ಅದನ್ನು ಬಿಟ್ಟಿದ್ದರೆ ಎಂದು ನನಗೆ ಈಗಲೂ ಆಸೆ.

ಹಾಗಾದರೆ ಪೆಪ್ಟೈಡ್‌ನಿಂದ ಕಲೆ ಕಡಿಮೆ ಮಾಡುವುದೆಲ್ಲ ಬರೀ ಮಾತೇ? ಇಲ್ಲ. ಎರಡು ನಿಜವಾದ ಪ್ರಯತ್ನಗಳನ್ನು ಹೇಳಲೇಬೇಕು. ನನ್ನ ಅರ್ಧ ಗೆರೆಯ ಪರೀಕ್ಷೆ ಎಲ್ಲಿ ಎಡವಿತು ಅಂತ ನನಗೆ ತಿಳಿದದ್ದು ಇವನ್ನು ಓದಿದಾಗಲೇ.

ಮೊದಲನೆಯದು ಮ್ಯಾಂಚೆಸ್ಟರಿನ ಮಾರ್ಕ್ ಫರ್ಗುಸನ್ ಅವರದ್ದು. ಭ್ರೂಣದ ಚರ್ಮಕ್ಕೆ ಕಲೆಯಾಗದ ಗುಟ್ಟನ್ನು ಹುಡುಕುತ್ತಾ ಅವರು ಟಿಜಿಎಫ್-ಬೀಟಾ ಎಂಬ ಸಂದೇಶಗಳ ಕುಟುಂಬಕ್ಕೆ ಬಂದರು. ಅದರಲ್ಲಿ ಒಂದು ಮತ್ತು ಎರಡನೆಯದು ಕಲೆಯನ್ನು ಹೆಚ್ಚಿಸುತ್ತವೆ, ಮೂರನೆಯದು ಭ್ರೂಣದ ಗಾಯದಲ್ಲಿ ಹೇರಳ. ಅದನ್ನೇ ಔಷಧಿ ಮಾಡಿದರು, ಅವೊಟರ್ಮಿನ್ ಎಂದು. ಸರಿಯಾಗಿ ಹೇಳಬೇಕೆಂದರೆ ಇದು ಪೆಪ್ಟೈಡ್‌ಗಿಂತ ದೊಡ್ಡದು, ಪ್ರೋಟೀನ್. 2009ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆರಂಭದ ಹಂತಗಳ ಫಲಿತಾಂಶ ಎಲ್ಲರಲ್ಲೂ ಆಸೆ ಹುಟ್ಟಿಸಿತು. 2011ರಲ್ಲಿ ದೊಡ್ಡ ಪ್ರಯೋಗದಲ್ಲಿ ಅದು ಸೋತಿತು. ಅಷ್ಟು ವರ್ಷದ ಕೆಲಸ ಅಲ್ಲಿಗೇ ನಿಂತಿತು. ಓದುವಾಗ ನನಗೆ ಗಂಟಲು ಕಟ್ಟಿತು. ಆದರೆ ಸೋತದ್ದನ್ನು ಸೋತೆವು ಎಂದು ಹೇಳುವ ಆ ಪದ್ಧತಿ ನನಗೆ ಯಾವ ಸೀಸೆಗಿಂತಲೂ ಹೆಚ್ಚು ಧೈರ್ಯ ಕೊಡುತ್ತದೆ.

ಎರಡನೆಯದು ನಿಜವಾಗಿ ಪೆಪ್ಟೈಡೇ. ಆಲ್ಫಾ-ಸಿಟಿ1, 25 ಮಣಿಯದ್ದು. ಅಮೆರಿಕದ ರಾಬರ್ಟ್ ಗೌರ್ಡಿ ಅವರ ತಂಡದಿಂದ ಬಂದದ್ದು. ಪಕ್ಕಪಕ್ಕದ ಕೋಶಗಳು ಪರಸ್ಪರ ಮಾತಾಡಿಕೊಳ್ಳುವ ಸಣ್ಣ ಕೊಳವೆಗಳಿವೆ. ಕನೆಕ್ಸಿನ್-43 ಎಂಬ ಪ್ರೋಟೀನಿನಿಂದ ಆದವು. ಗಾಯವಾದ ಕೂಡಲೇ ಅಲ್ಲಿ ಗದ್ದಲ ಏಳುತ್ತದೆ, ಉರಿಯೂತ ಹಬ್ಬುತ್ತದೆ. ಕನೆಕ್ಸಿನ್ನಿನ ಬಾಲದ ತುದಿಯನ್ನು ಅನುಕರಿಸುವ ಈ ಪೆಪ್ಟೈಡ್ ಆ ಗದ್ದಲವನ್ನು ತಣಿಸುತ್ತದೆ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 92 ಜನ ಇದ್ದರು. ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತುಗಳ ಮೂಲಕ ಆಪರೇಷನ್ ಮಾಡುವಾಗ ಹೊಟ್ಟೆಯ ಎಡಕ್ಕೂ ಬಲಕ್ಕೂ ಒಂದೊಂದು ತೂತು ಇರುತ್ತದಲ್ಲ, ಒಂದಕ್ಕೆ ಪೆಪ್ಟೈಡ್ ಜೆಲ್, ಇನ್ನೊಂದಕ್ಕೆ ಇಲ್ಲ. ಒಂದೇ ಮನುಷ್ಯ, ಒಂದೇ ಥರದ ಎಳೆತ, ಒಂದೇ ವಯಸ್ಸಿನ ಗಾಯ. ನನ್ನ ಕೈಯಲ್ಲಿ ಆಗದೇ ಹೋದದ್ದು ಇದೇ. ಒಂದು ತಿಂಗಳಿಗೆ ನೋಡಿದಾಗ ಎರಡಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಒಂಬತ್ತು ತಿಂಗಳಿಗೆ ನೋಡಿದಾಗ ಹಚ್ಚಿದ ಕಡೆಯ ಕಲೆಯ ಅಂಕಗಳು 47% ಉತ್ತಮವಾಗಿದ್ದವು.

ಇದರಲ್ಲಿ ನನ್ನ ಕಣ್ಣು ನಿಂತದ್ದು ಆ 47ರ ಮೇಲಲ್ಲ. ಜೆಲ್ ಹಚ್ಚಿದ್ದು ಎಷ್ಟು ಸಲ ಗೊತ್ತೇ? ಗಾಯವಾದ ಕೂಡಲೇ ಒಮ್ಮೆ, 24 ಗಂಟೆಯ ನಂತರ ಇನ್ನೊಮ್ಮೆ. ಅಷ್ಟೇ. ಅವೊಟರ್ಮಿನ್ ಕೂಡ ಹಾಗೇ, ಕೊಯ್ಯುವ ಹೊತ್ತಿಗೆ ಮತ್ತು ಮಾರನೇ ದಿನ. ಕಲೆ ಹೇಗಿರಬೇಕು ಎಂಬ ತೀರ್ಮಾನದ ದೊಡ್ಡ ಪಾಲು ಮೊದಲ ಕೆಲವು ದಿನಗಳಲ್ಲೇ ಆಗುತ್ತದೆ ಎಂಬುದು ಈ ವಿಜ್ಞಾನಿಗಳ ನಂಬಿಕೆ. ನಾನು ನೀಲಿ ಹನಿ ಹಿಡಿದು ಬಂದದ್ದು ಏಳನೇ ವಾರಕ್ಕೆ. ಪಂಚಾಯಿತಿ ಮುಗಿದು ಎಲ್ಲರೂ ಎದ್ದು ಹೋದ ಮೇಲೆ. ಆ ಹೊತ್ತಿಗೆ ನಡೆಯುತ್ತಿದ್ದದ್ದು ನಿಧಾನದ ರಿಪೇರಿ. ಅದಕ್ಕೆ ಬೇಕಾದ ಮಾತು ಬೇರೆಯೇ ಇದ್ದೀತು. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳುತ್ತೇನೆ: ಆಲ್ಫಾ-ಸಿಟಿ1 ಕಲೆಗೆಂದು ಅಂಗಡಿಯಲ್ಲಿ ಸಿಗುವ ಔಷಧಿಯಾಗಿಲ್ಲ. ಆ ಹೆಸರಿನ ಆಸೆ ತೋರಿಸಿ ಯಾರಾದರೂ ಬೇರೆ ಪೆಪ್ಟೈಡ್ ಮಾರಿದರೆ ಕೊಳ್ಳಬೇಡಿ.

ಕೊನೆಗೆ ನನ್ನ ಕೈಗೆ ಕೆಲಸ ಮಾಡಿದ್ದು ಏನು ಅಂತ ಕೇಳುವವರಿಗೆ: ಗುಳಿಯನ್ನು ಬಿಡಿಸಿದ್ದು ಹೆಬ್ಬೆರಳು. ದಿನಕ್ಕೆ ಮೂರು ಸಲ, ಐದೈದು ನಿಮಿಷ, ಮೇಡಂ ಹೇಳಿಕೊಟ್ಟ ಹಾಗೆ ಒತ್ತಿ ಸರಿಸಿದೆ, ಜೊತೆಗೆ ಬೆರಳಿನ ವ್ಯಾಯಾಮ. ನಾಲ್ಕನೇ ತಿಂಗಳಲ್ಲಿ ಒಂದು ದಿನ ಬೆರಳು ಮಡಚಿದಾಗ ಗುಳಿ ಬೀಳಲೇ ಇಲ್ಲ. ಸಿಲಿಕೋನ್ ದಿನಕ್ಕೆ 12 ಗಂಟೆಗಿಂತ ಹೆಚ್ಚು ಇರುವ ಹಾಗೆ ನೋಡಿಕೊಂಡೆ. ಅದು ಚರ್ಮದಿಂದ ನೀರು ಹೋಗುವುದನ್ನು ತಡೆಯುತ್ತದೆ, ಮೇಲಿನ ಪದರ ಒಣಗದಿದ್ದರೆ ಕೆಳಗಿನ ಫೈಬ್ರೋಬ್ಲಾಸ್ಟ್‌ಗಳೂ ಶಾಂತವಾಗಿರುತ್ತವೆ ಎಂದು ವಿವರಣೆ. 1980ರ ದಶಕದ ಆರಂಭದಿಂದ ಸುಟ್ಟಗಾಯದ ಕಲೆಗೆ ಬಳಸುತ್ತಿದ್ದಾರೆ. ಅದರ ಪುರಾವೆಯೂ ಬಹಳ ಗಟ್ಟಿ ಏನಲ್ಲ, ಆದರೆ ಅಪಾಯ ಕಡಿಮೆ. ಬಿಸಿಲಿಗೆ ಹೋಗುವಾಗ ಗೆರೆ ಮುಚ್ಚುತ್ತಿದ್ದೆ, ಹೊಸ ಕಲೆ ಬಿಸಿಲಿಗೆ ಕಪ್ಪಾಗಿ ಹಾಗೇ ಉಳಿದುಬಿಡಬಹುದು. ನನಗೆ ಚುಚ್ಚುಮದ್ದು, ಲೇಸರ್ ಬೇಕಾಗಲಿಲ್ಲ. ಉಬ್ಬು ಇಳಿಯದವರಿಗೆ, ಕೀಲಾಯ್ಡ್ ಆಗುವವರಿಗೆ ಡಾಕ್ಟರು ಕಲೆಯೊಳಗೇ ಸ್ಟಿರಾಯ್ಡ್ ಚುಚ್ಚುತ್ತಾರೆ. ಅದು ಕೊಲಾಜೆನ್‌ಗೆ "ಸಾಕು" ಎನ್ನುವ ಮಾತು. ಉಬ್ಬು ಕಲೆಗೆ ಬೇಕಾದ ಮಾತು ಅದೇ ತಾನೇ.

ಈಗ 14 ತಿಂಗಳಾಗಿದೆ. ಹೋದ ವಾರ ಡಾಕ್ಟರು ಕೈ ನೋಡಿ, ಪ್ಲೇಟಿನ ಅಂಚು ಟೆಂಡನ್‌ಗೆ ತಾಗುತ್ತಿದೆ, ತೆಗೆಯುವುದು ಒಳ್ಳೆಯದು ಎಂದರು. ಅದೇ ಗೆರೆಯ ಮೇಲೆ ಮತ್ತೆ ಕೊಯ್ಯಬೇಕು. ಇಷ್ಟು ದಿನ ಕಾದು, ತೀಡಿ, ಮುಚ್ಚಿ ಕಾಪಾಡಿದ ಗೆರೆ. ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಕೇಳಿದೆ, "ಡಾಕ್ಟ್ರೇ, ಕೊಯ್ದ ಕೂಡಲೇ ಹಚ್ಚುವ ಪೆಪ್ಟೈಡಿನ ಪ್ರಯೋಗ ಎಲ್ಲಾದರೂ ನಡೀತಿದ್ಯಾ?"

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. "ನನ್ನ ಕೈಯಲ್ಲಿ ಅದಿಲ್ಲಮ್ಮ. ಹಳೆಯ ಕಲೆಯನ್ನು ಪೂರ್ತಿ ಕತ್ತರಿಸಿ ತೆಗೀತೀನಿ. ಒಳಗಿನ ಪದರಕ್ಕೆ ಗಟ್ಟಿ ಹೊಲಿಗೆ ಹಾಕ್ತೀನಿ, ಮೇಲಿನ ಚರ್ಮದ ಮೇಲೆ ಎಳೆತವೇ ಬೀಳಬಾರದು, ಹಾಗೆ. ಹೊಲಿಗೆ ತೆಗೆದ ದಿನದಿಂದಲೇ ಗೆರೆಯ ಮೇಲೆ ಪೇಪರ್ ಟೇಪ್, ಮೂರು ತಿಂಗಳು. ಅಂಗೈ ಕಡೆ ಎರಡು ಪಟ್ಟಿ ಜಾಸ್ತಿ ಹಾಕಿಕೊಳ್ಳಿ" ಎಂದರು. ಅಂಗೈ ಕಡೆಯ ಅರ್ಧ ಅಗಲವಾಗಿದ್ದನ್ನು ಅವರೂ ಗಮನಿಸಿದ್ದರು.

ಮುಂದಿನ ತಿಂಗಳು ಆಪರೇಷನ್. ಅದಕ್ಕೂ ಮೊದಲು ಇನ್ನೊಂದು ಫೋಟೋ ಬೇಕು, ಅದೇ ಕಿಟಕಿಯಲ್ಲಿ, ಅದೇ ಸ್ಕೇಲ್ ಇಟ್ಟು. ಅಕ್ಕ ಬರುತ್ತೇನೆ ಅಂದಿದ್ದಾಳೆ, ಕನ್ನಡಕ ತರಲು ನೆನಪಿಸಬೇಕು.